ಆರನೆಯ ಸೀಸೆ

ಬೆಂಗಳೂರು
12 ಜೂನ್ 2023

ಪೂಜ್ಯ ಸರ್,

ನಿಮ್ಮ ಸುಮನಾಳ ನಮಸ್ಕಾರ. ಮೊನ್ನೆ ಮನೆಗೆ ಫೋನು ಮಾಡಿದಾಗ ಕಾಮಾಕ್ಷಮ್ಮನವರು ಎತ್ತಿಕೊಂಡು, "ಅವ್ರಿಗೆ ಈಗ ಫೋನಲ್ಲಿ ಎಂತದೂ ಕೇಳ್ಸದಿಲ್ಲ ಮಾರಾಯ್ತಿ, ಕಾಗದ ಬರಿ, ಖುಷಿ ಪಡ್ತಾರೆ" ಅಂದರು. ಹಾಗಾಗಿ ಬಿಎಸ್ಸಿ ಮುಗಿದು ಇಷ್ಟು ವರ್ಷಗಳ ಮೇಲೆ ನಿಮಗೆ ಮತ್ತೆ ಉತ್ತರಪತ್ರಿಕೆ ಬರೆಯುವ ಯೋಗ ಬಂದಿದೆ. ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸಬಹುದು.

ಅಣ್ಣನ ಮದುವೆಗೆಂದು ರಿಪ್ಪನ್‌ಪೇಟೆಗೆ ಬಂದವಳು ಸಾಗರಕ್ಕೂ ಬಂದು ನಿಮ್ಮ ಹಳೇ ಲ್ಯಾಬಿನಲ್ಲಿ ಆರು ಸೀಸೆ ಇಟ್ಟುಹೋದೆನಲ್ಲ, ಅದು ಯಾಕೆಂದು ಆವತ್ತಿನ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ನಾನು ಪಿಎಚ್‌ಡಿ ಮಾಡುತ್ತಿರುವುದು ಪೆಪ್ಟೈಡ್‌ಗಳ ಮೇಲೆ. ಪ್ರೋಟೀನನ್ನು ಉದ್ದದ ಮಣಿಸರ ಎಂದುಕೊಂಡರೆ, ಇವು ಅದರ ಮೂರು ನಾಲ್ಕು ಮಣಿಗಳ ತುಂಡು. ನಮ್ಮ ಪೆಪ್ಟೈಡಿನ ಗುಣವೇನೆಂದರೆ, ನೀರು ತಾಗಿದ್ದೇ ತಡ, ಯಾರೂ ಹೇಳದೆ ಕೇಳದೆ ಒಂದನ್ನೊಂದು ಹುಡುಕಿಕೊಂಡು ಕೂಡಿಕೊಳ್ಳುತ್ತವೆ. ಕೂಡಿ ಎಳೆಗಳಾಗುತ್ತವೆ, ಎಳೆಗಳು ಹೆಣೆದುಕೊಂಡು ಸೀಸೆಯಿಡೀ ಗಟ್ಟಿ ಲೋಳೆಯಾಗುತ್ತದೆ. ಸುಟ್ಟ ಗಾಯದ ಮೇಲೆ ಮದ್ದನ್ನು ಹಿಡಿದಿಡಲು ಇಂಥದ್ದೇ ಬೇಕು. ಆದರೆ ಯಾವುದರ ಕೈಯನ್ನು ಯಾವುದು ಹಿಡಿದಿದೆ ಎಂದು ತಿಳಿಯಬೇಕಾದರೆ ಲೋಳೆ ಸಾಲದು, ಹರಳು ಬೇಕು. ಹರಳು ಸಿಕ್ಕರೆ ಎಕ್ಸ್-ರೇ ಹಾಯಿಸಿ ಒಂದೊಂದು ಪರಮಾಣುವಿನ ಜಾಗವನ್ನೂ ಹೇಳಬಹುದು. ಇವಕ್ಕೋ ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಅವಸರ. ನಿಧಾನವಾಗಿ ಸಾಲು ಹಿಡಿದು ಕೂತರೆ ಮಾತ್ರ ಹರಳಾಗುತ್ತದೆ.

ನಮ್ಮ ಲ್ಯಾಬಿನ ಪಕ್ಕದಲ್ಲಿ ಹೊಸ ಕಟ್ಟಡದ ಕೆಲಸ. ಯಂತ್ರ ನೆಲಕ್ಕೆ ಗುದ್ದಿದಾಗಲೆಲ್ಲ ನಮ್ಮ ಚಹಾ ಲೋಟವೂ ನಡುಗುತ್ತದೆ. ಆಗ ನೆನಪಾಗಿದ್ದು ನಿಮ್ಮ ಒಳಕೋಣೆಯಲ್ಲಿ ತಕ್ಕಡಿ ಇಡಲು ಗೋಡೆಗೇ ಸೇರಿಸಿ ಕಟ್ಟಿದ್ದ ಆ ಕಲ್ಲಿನ ಹಲಗೆ. ನಾವು ಹುಡುಗಿಯರು ಪಕ್ಕದಲ್ಲೇ ಓಡಾಡಿದರೂ ತಕ್ಕಡಿಯ ಮುಳ್ಳು ಅಲ್ಲಾಡುತ್ತಿರಲಿಲ್ಲ. ಪೆಪ್ಟೈಡನ್ನು ಮೆಥನಾಲ್ ಮತ್ತು ನೀರಿನಲ್ಲಿ ಕರಗಿಸಿ, ಮುಚ್ಚಳಕ್ಕೆ ಸೂಜಿಯ ತೂತು ಮಾಡಿ ಇಟ್ಟಿದ್ದೇನೆ. ದ್ರವ ಮೆಲ್ಲಗೆ ಆರುತ್ತ ಹೋಗಬೇಕು.

ನನಗೆ ಫೆಲೋಶಿಪ್ ಇರುವುದು ಬರುವ ಮಾರ್ಚ್‌ವರೆಗೆ. ಹೊರದೇಶದ ಇನ್ನೊಂದು ಗುಂಪು ಇದೇ ಪೆಪ್ಟೈಡಿನ ಹಿಂದೆ ಬಿದ್ದಿದೆ. ಅವರಿಗಿಂತ ಮೊದಲು ನನಗೆ ಹರಳು ಸಿಗದಿದ್ದರೆ ಆರು ವರ್ಷದ ನನ್ನ ಕೆಲಸವೆಲ್ಲ ಲೋಳೆಯೇ. ಗಾಬರಿಯಾಗುತ್ತದೆ ಸರ್.

ವಾರಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ, ಏನಾದರೂ ಕಂಡರೆ ತಿಳಿಸಿ, ಅಷ್ಟು ಸಾಕು. ಹರಳು ಬಂದ ಮೇಲೆ ಏನು ಮಾಡಬೇಕೆಂದು ನಿಮಗೆ ನಾನು ಹೇಳಿಕೊಡುವುದುಂಟೆ? ನನ್ನ ಕೈ ಹಿಡಿದು ಮೊದಲ ಪಟಿಕದ ಹರಳು ಬೆಳೆಸಿದವರೇ ನೀವು.

ನಿಮ್ಮ ವಿದ್ಯಾರ್ಥಿನಿ,
ಸುಮನಾ


ಸಾಗರ
3 ಜುಲೈ 2023

ಚಿ. ಸುಮನಾಳಿಗೆ ಆಶೀರ್ವಾದ.

ಉತ್ತರಪತ್ರಿಕೆ ಸೇರಿತು. ಕೆಂಪು ಶಾಯಿಗೆ ಕೆಲಸ ಸಿಗಲಿಲ್ಲ, ಅದೊಂದೇ ಬೇಸರ. ಕಿವಿ ಕೈಕೊಟ್ಟ ಮೇಲೆ ಫೋನು ನನಗೆ ಬರೀ ಗಡಿಯಾರವಾಗಿತ್ತು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ನನ್ನ ಹೆಸರು ಓದಿದಾಗ ಹಳೇ ಕಾಲ ವಾಪಸು ಬಂದಂತಾಯಿತು.

ಪ್ರತಿ ಶನಿವಾರ ಲ್ಯಾಬಿಗೆ ಹೋಗುತ್ತಿದ್ದೇನೆ. ಈಗಿನ ಲೆಕ್ಚರರ್ ಆಶಾ ಒಳ್ಳೆಯ ಹುಡುಗಿ, ಒಳಕೋಣೆಯ ಬೀಗದ ಕೈಯನ್ನು ನನಗೇ ಕೊಟ್ಟುಬಿಟ್ಟಿದ್ದಾಳೆ. ನಿವೃತ್ತನಾದವನಿಗೆ ಒಂದು ಬೀಗದ ಕೈ ಸಿಗುವುದೆಂದರೆ ಏನೆಂದು ನಿನಗೆ ಈ ವಯಸ್ಸಿನಲ್ಲಿ ಗೊತ್ತಾಗದು. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಡುತ್ತೇನೆ. ಕಾಮಾಕ್ಷಿ, "ಮಗಳ ಪಿಯುಸಿ ರಿಸಲ್ಟಿಗೂ ಇಷ್ಟ್ ಕಾಯ್ಲಿಲ್ಲ ನೀವು" ಎಂದು ಆಡಿಕೊಳ್ಳುತ್ತಾಳೆ. ಇಂಥ ಮಾತು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತದೆ.

ವರದಿ ಹೀಗಿದೆ. ಎರಡನೆಯ ಸೀಸೆ ಪೂರ್ತಿ ಹಾಲುಬಾಯಿ ಆಗಿದೆ, ತಟ್ಟೆಗೆ ಸುರಿದು ಕತ್ತರಿಸಿ ತಿನ್ನಬೇಕು, ಅಷ್ಟೆ. ಮೂರನೆಯದೂ ಅದೇ ದಾರಿ ಹಿಡಿದಿದೆ. ಉಳಿದವು ತಿಳಿಯಾಗಿವೆ. ಗಾಬರಿ ಬೇಡ. ನಿನ್ನ ಮೊದಲ ಪಟಿಕವೂ ಹೀಗೇ ಸತಾಯಿಸಿತ್ತು, ನೀನು ಎರಡು ಸಲ ಅತ್ತಿದ್ದೆ.

ಇನ್ನೊಂದು ವಿಷಯ ಕೇಳಬೇಕೆಂದಿದ್ದೆ, ಹರಳು ಬಂದ ಮೇಲಿನದ್ದು. ಬಿಡು, ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ಕೇಳುವ ಪ್ರಶ್ನೆಯಲ್ಲ ಅದು. ಊಟ ಸರಿಯಾಗಿ ಮಾಡು.

ವೆಂಕಟರಾಮ


ಬೆಂಗಳೂರು
21 ಆಗಸ್ಟ್ 2023

ಪೂಜ್ಯ ಸರ್,

ಬರೆಯಲು ತಡವಾಯಿತು, ಬೈಯಬೇಡಿ. ಇಲ್ಲಿ ಇಟ್ಟಿದ್ದ ಸೀಸೆಗಳೆಲ್ಲ ಲೋಳೆಯಾದವು, ಒಂದೂ ಉಳಿಯಲಿಲ್ಲ. ನಮ್ಮ ಗೈಡ್ ಈಗ ಆ ಅಧ್ಯಾಯವನ್ನೇ ಥೀಸಿಸ್‌ನಿಂದ ಕೈಬಿಡು ಎನ್ನುತ್ತಿದ್ದಾರೆ. ಊರಿನ ಕಲ್ಲಿನ ಮೇಲೆ ಇನ್ನೂ ಇವೆ ಎಂದೆ. ಅವರು ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ.

ನಿಮ್ಮ ಶನಿವಾರಗಳನ್ನು ನಂಬಿಕೊಂಡು ಕೂತಿದ್ದೇನೆ.

ಸುಮನಾ


ಸಾಗರ
18 ಸೆಪ್ಟೆಂಬರ್ 2023

ಚಿ. ಸುಮನಾ,

ಬಂದಿದೆ.

ಐದನೆಯ ಸೀಸೆ. ಹೋದ ವಾರ ತಳದಲ್ಲಿ ಏನೋ ಮಿನುಗಿದಂತೆ ಕಂಡಿತ್ತು, ಕಣ್ಣಿನ ಪೊರೆ ಇರಬೇಕೆಂದು ಸುಮ್ಮನಿದ್ದೆ. ಮೊನ್ನೆ ನೋಡಿದರೆ ಕಲ್ಲುಸಕ್ಕರೆಯ ಸಣ್ಣ ಚೂರುಗಳ ಹಾಗೆ, ಆದರೆ ಅದಕ್ಕಿಂತ ಎಷ್ಟೋ ತಿಳಿ, ಉದ್ದುದ್ದ, ಅಂಚು ಚೂಪು. ಗಾಜಿನ ಚೂರೇನಾದರೂ ಬಿದ್ದಿದೆಯೋ ಎಂದು ಅನುಮಾನವಾಯಿತು. ಹಳೇ ಪೋಲರಾಯ್ಡ್ ತಂಪು ಕನ್ನಡಕದ ಎರಡು ಗಾಜು ಬಿಚ್ಚಿಕೊಂಡು ಹೋಗಿ, ಒಂದನ್ನು ಸೀಸೆಯ ಹಿಂದೆ ಇಟ್ಟು ಇನ್ನೊಂದನ್ನು ಕಣ್ಣಿಗೆ ಹಿಡಿದು ತಿರುಗಿಸಿದೆ. ಸುತ್ತಲಿನದೆಲ್ಲ ಕತ್ತಲಾಯಿತು, ನಿನ್ನ ಹರಳು ಮಾತ್ರ ನೀಲಿ ಹಳದಿಯಾಗಿ ಹೊತ್ತಿಕೊಂಡಿತು. ಗಾಜು ಹಾಗೆ ಬೆಳಗುವುದಿಲ್ಲ. ಹರಳೇ ಮಾರಾಯ್ತಿ.

ಆಶಾಳನ್ನು ಕರೆದು ತೋರಿಸಿದೆ. ಇದು ನನ್ನ ವಿದ್ಯಾರ್ಥಿನಿಯದ್ದು ಎಂದು ಎರಡೆರಡು ಸಲ ಹೇಳಿದೆ. ಮೂವತ್ತು ವರ್ಷ ಪಟಿಕ, ಮೈಲುತುತ್ತ ಬೆಳೆಸಿ ಬೆಳೆಸಿ ಸಾಕಾಗಿತ್ತು, ಈಗ ಜಗತ್ತಿನಲ್ಲಿ ಯಾರೂ ನೋಡದಿದ್ದ ಹರಳೊಂದು ನನ್ನ ಕಲ್ಲಿನ ಮೇಲೆ ಬಂದು ಕೂತಿದೆ. ಒಂದನೆಯದೂ ನಾಲ್ಕನೆಯದೂ ಹಾಲುಬಾಯಿಯಾದವು. ಆರನೆಯ ಸೀಸೆ ಇನ್ನೂ ತಿಳಿಯಾಗಿಯೇ ಇದೆ, ಲೋಳೆಯೂ ಇಲ್ಲ, ಹರಳೂ ಇಲ್ಲ. ಅದಕ್ಕೂ ಕಾಲ ಬರಬಹುದು.

ಬೇಗ ಬಾ.

ವೆಂಕಟರಾಮ


ಬೆಂಗಳೂರು
23 ಸೆಪ್ಟೆಂಬರ್ 2023

ಪೂಜ್ಯ ಸರ್,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಕಿದ್ದ ಗೈಡ್ ತಾವೇ ಹೋಗಿ ಎಕ್ಸ್-ರೇ ಯಂತ್ರದ ಸಮಯ ಗೊತ್ತುಮಾಡಿಕೊಂಡು ಬಂದರು. ಶುಕ್ರವಾರ ತಾಳಗುಪ್ಪ ರೈಲು ಹತ್ತುತ್ತೇನೆ, ಶನಿವಾರ ಬೆಳಿಗ್ಗೆ ನಿಮ್ಮ ಎದುರಿಗಿರುತ್ತೇನೆ, ಅವತ್ತೇ ಸಂಜೆ ಸೀಸೆ ಹಿಡಿದುಕೊಂಡು ಹಿಂದಿರುಗುತ್ತೇನೆ. ಮಡಿಲಲ್ಲಿಟ್ಟುಕೊಂಡು ಬರುವುದೆಂದು ನಿಶ್ಚಯಿಸಿದ್ದೇನೆ. ರೈಲಿನ ಕುಲುಕಾಟಕ್ಕೆ ಚೆಲ್ಲದಿದ್ದರೆ ಸಾಕು, ಅದೊಂದೇ ಭಯ. ಉಳಿದಂತೆ ನೀವಿದ್ದೀರಿ, ನನಗೆ ಚಿಂತೆಯಿಲ್ಲ.

ತಿನ್ನಲು ಅವರ ಕೈಯ ಸಿಹಿ ತೊಡೆದೇವು ಬೇಕೆಂದು ಕಾಮಾಕ್ಷಮ್ಮನವರಿಗೆ ಹೇಳಿ.

ನಿಮ್ಮ
ಸುಮನಾ


ಬೆಂಗಳೂರು
9 ಅಕ್ಟೋಬರ್ 2023

ಸರ್,

ಆವತ್ತು ಲ್ಯಾಬಿನಲ್ಲಿ ಆಡಿದ ಮಾತು ಜೋರಾಯಿತು ಎಂದು ಗೊತ್ತು. ಅದಕ್ಕೆ ಕ್ಷಮೆ ಕೇಳಬೇಕೆಂದೇ ಬರೆಯಲು ಕೂತೆ. ಆದರೆ ಬರೆಯುತ್ತ ಬರೆಯುತ್ತ ಕೋಪವೇ ಬರುತ್ತಿದೆ.

ನಾನು ಒಳಗೆ ಬಂದಾಗ ನೀವು ನಗುತ್ತ ವಾಚ್ ಗ್ಲಾಸಿನ ಪುಟ್ಟ ತಟ್ಟೆಯನ್ನು ಮುಂದೆ ಹಿಡಿದಿರಿ. ಅದರ ಮೇಲೆ ಫಿಲ್ಟರ್ ಪೇಪರ್, ಪೇಪರಿನ ಮೇಲೆ ಬಿಳಿ ಪುಡಿ. "ರೈಲಲ್ಲಿ ಚೆಲ್ಲೋದು ಬೇಡ ಅಂತ ಸೋಸಿ ಒಣಗ್ಸಿಟ್ಟಿದ್ದೀನಿ" ಅಂದಿರಿ. ಸೀಸೆಯನ್ನು ತೊಳೆದು ಬೋರಲು ಹಾಕಿದ್ದಿರಿ. ಒಣಗಿದಾಗ ಸ್ವಲ್ಪ ಬಣ್ಣಗೆಟ್ಟಿತು, ಪರವಾಗಿಲ್ಲ ತಾನೇ ಎಂದು ಕೇಳಿದಿರಿ.

ಈ ಹರಳು ಅದು ಹುಟ್ಟಿದ ದ್ರವದಲ್ಲಿ ಮಾತ್ರ ಬದುಕುತ್ತದೆ. ಹೊರಗೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕುಸಿಯುತ್ತದೆ. ನಮ್ಮಲ್ಲಿ ಮೊದಲ ವರ್ಷದ ಹುಡುಗರಿಗೂ ಇದು ಗೊತ್ತಿರುತ್ತದೆ. ಆ ಪುಡಿಯನ್ನು ತಂದು ಯಂತ್ರಕ್ಕೆ ಕೊಟ್ಟೆ. ಏನೂ ಸಿಗಲಿಲ್ಲ. ಗೊತ್ತು ಮಾಡಿದ್ದ ಸಮಯ ಮುಗಿಯಿತು, ಬೇರೆಯವರು ಬಂದು ಕೂತರು. ಗೈಡ್ ಈ ಸಲ ನಗಲೂ ಇಲ್ಲ.

ಆರನೆಯ ಸೀಸೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅಲುಗಾಡಿಸಿದರೆ ಅದೂ ಲೋಳೆಯಾದೀತು ಎಂಬ ಹೆದರಿಕೆ. ದಯವಿಟ್ಟು ಅದನ್ನು ಮುಟ್ಟಬೇಡಿ. ನೋಡಲಿಕ್ಕೂ ಹೋಗಬೇಡಿ. ದೀಪಾವಳಿಗೆ ಬಂದಾಗ ನಾನೇ ನೋಡಿಕೊಳ್ಳುತ್ತೇನೆ.

ಸುಮನಾ ಆರ್.


ಸಾಗರ
17 ಅಕ್ಟೋಬರ್ 2023

ಸುಮನಾ,

ನೀನು ಹೇಳಿದಂತೆಯೇ ಆಗಲಿ. ಒಳಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಆಶಾಳಿಗೆ ಕೊಟ್ಟಿದ್ದೇನೆ. ಯಾರೂ ಒಳಗೆ ಹೋಗದಂತೆ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.

ನಿನ್ನ ಹರಳು ನನ್ನ ಕೈಯಲ್ಲಿ ಹಾಳಾಯಿತು. ಕ್ಷಮಿಸು ಎನ್ನುವುದಕ್ಕೂ ಮುಖವಿಲ್ಲ.

ಕಾಮಾಕ್ಷಿ ತೊಡೆದೇವಿನ ಡಬ್ಬಿ ತೆಗೆದಿಟ್ಟಿದ್ದಳು. ನೀನು ಯಾಕೆ ಮನೆಗೆ ಬರದೇ ಹೋದೆ ಎಂದು ಕೇಳಿದಳು. ರೈಲಿಗೆ ತಡವಾಗಿತ್ತು ಎಂದು ಹೇಳಿದ್ದೇನೆ.

ವೆಂಕಟರಾಮ


ರಿಪ್ಪನ್‌ಪೇಟೆ
28 ಮಾರ್ಚ್ 2024

ಪೂಜ್ಯ ಸರ್,

ಸಾಗರದ ಮನೆಗೆ ಹೋಗಿದ್ದೆ. ಬೀಗ ಹಾಕಿತ್ತು. ಕಾಮಾಕ್ಷಮ್ಮನವರ ಮಂಡಿನೋವಿಗಾಗಿ ನೀವಿಬ್ಬರೂ ತೀರ್ಥಹಳ್ಳಿಯಲ್ಲಿರುವ ಮಗಳು ಅಕ್ಷಯಾರ ಮನೆಗೆ ಹೋಗಿದ್ದೀರೆಂದು ಪಕ್ಕದವರು ವಿಳಾಸ ಕೊಟ್ಟರು.

ನನ್ನ ಫೆಲೋಶಿಪ್ ಮುಗಿಯಿತು. ಥೀಸಿಸ್ ಬರೆಯಲು ಊರಿಗೆ ಬಂದಿದ್ದೇನೆ. ಹೊರದೇಶದ ಗುಂಪಿನ ಲೇಖನ ಹೋದ ತಿಂಗಳು ಅಚ್ಚಾಯಿತು, ನನ್ನದೇ ಪೆಪ್ಟೈಡ್, ಹರಳಿನ ರಚನೆ ಸಮೇತ. ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಪೆಪ್ಟೈಡ್‌ಗಳು ನೇರವಾಗಿ ಒಂದರ ಕೈ ಒಂದು ಹಿಡಿದಿವೆ ಎಂದು ನಾನು ಎಣಿಸಿದ್ದೆ. ಕೆಲವು ಕಡೆ ಮಾತ್ರ ಹಾಗಿದೆ. ಉಳಿದ ಕಡೆಯೆಲ್ಲ ನಡುವೆ ನೀರಿದೆ ಸರ್. ಹರಳಿನ ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ನೀರಿನ ಅಣುಗಳ ಸಾಲು. ಅದು ಹೋದರೆ ಹಿಡಿತವೇ ಹೋಯಿತು.

ನಿನ್ನೆ ಕಾಲೇಜಿಗೆ ಹೋದೆ. ಬೇಸಿಗೆ ರಜೆಯಲ್ಲಿ ಆ ಲ್ಯಾಬನ್ನು ಒಡೆದು ಕಂಪ್ಯೂಟರ್ ಕೋಣೆ ಮಾಡುತ್ತಾರಂತೆ. ಒಳಕೋಣೆಯ ಬಾಗಿಲ ಮೇಲೆ ನಿಮ್ಮ ಚೀಟಿ ಹಾಗೇ ಇತ್ತು, 'ಯಾರೂ ಒಳಗೆ ಹೋಗಬಾರದು' ಎಂದು ಕೆಂಪು ಶಾಯಿಯಲ್ಲಿ. ಆಶಾ ಮೇಡಂ ಬೀಗ ತೆಗೆಯುತ್ತ, "ಸರ್ ಅದಾದ್ಮೇಲೆ ಒಂದಿನಾನೂ ಈ ಕಡೆ ಬರ್ಲಿಲ್ಲ" ಅಂದರು.

ಆರನೆಯ ಸೀಸೆಯಲ್ಲಿ ಹರಳು ಬಂದಿತ್ತು. ಐದನೆಯದಕ್ಕಿಂತ ದೊಡ್ಡವು ಇರಬೇಕು. ಯಾವಾಗ ಬಂದವೋ ಗೊತ್ತಿಲ್ಲ. ದ್ರವ ಆರುತ್ತ ಆರುತ್ತ ತಳ ಕಂಡು, ಒಣಗಿ, ಬಿಳಿಚಿಕೊಂಡು ಗಾಜಿಗೆ ಅಂಟಿಕೊಂಡಿದ್ದವು. ಆಕಾರ ಹಾಗೇ ಇತ್ತು, ಅಂಚು ಕೂಡ. ಬೆರಳು ತಾಗಿಸಿದೆ. ಪುಡಿಯಾಯಿತು.

ದೀಪಾವಳಿಗೆ ಬರುತ್ತೇನೆಂದು ಬರೆದವಳು ಬರಲಿಲ್ಲ. ಕೆಲಸವಿತ್ತು ಎಂದು ಮನೆಯವರಿಗೆ ಹೇಳಿದ್ದೆ. ಕೆಲಸವೇನೂ ಇರಲಿಲ್ಲ, ನಿಮ್ಮ ಮುಖ ನೋಡಲು ಧೈರ್ಯವಾಗಲಿಲ್ಲ. ಸಂಕ್ರಾಂತಿಗೂ ಹಾಗೇ ಮಾಡಿದೆ. ಅಷ್ಟು ದಿನವೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದು ಒಂದೇ, ಹರಳು ಬಂದಿದ್ದರೆ ಸರ್ ಬರೆಯುತ್ತಿದ್ದರು ಎಂದು. ನೋಡಲಿಕ್ಕೂ ಹೋಗಬೇಡಿ ಎಂದವಳು ನಾನೇ. ನೀವು ಹೇಗಾದರೂ ನೋಡಿಯೇ ನೋಡುತ್ತೀರಿ ಎಂದು ನಂಬಿ ಕೂತವಳೂ ನಾನೇ.

ನಮ್ಮ ಅಮ್ಮನಿಗೆ ಇದೆಲ್ಲ ಹೇಳಿದೆ. ಅವಳು ಹರಳಿನ ವಿಷಯ ಕೇಳಲಿಲ್ಲ. "ಆ ಮೇಷ್ಟ್ರು ಹೆಂಗಿದಾರೆ?" ಅಂದಳು. ಅದನ್ನೇ ನಿಮಗೆ ಕೇಳುತ್ತಿದ್ದೇನೆ. ಹೇಗಿದ್ದೀರಿ ಸರ್?

ಸುಮನಾ


ತೀರ್ಥಹಳ್ಳಿ
6 ಮೇ 2024

ಚಿ. ಸುಮನಾಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತು ಎದ್ದು ಮಾಡುತ್ತಿದ್ದೆ. ಚೆನ್ನಾಗಿದ್ದೇನೆ. ಬೆಳಿಗ್ಗೆ ತುಂಗೆಯ ದಡದವರೆಗೆ ನಡೆದು ಬರುತ್ತೇನೆ. ಕಾಮಾಕ್ಷಿಗೆ ಮಂಡಿನೋವು ಕಡಿಮೆಯಿದೆ, ನನ್ನನ್ನು ಆಡಿಕೊಳ್ಳುವುದೂ ಕಡಿಮೆಯಾಗಿದೆ, ಅದೇ ಸ್ವಲ್ಪ ಯೋಚನೆ.

ನೀನು ನೋಡಬೇಡಿ ಎಂದಿದ್ದೆ, ನೋಡಲಿಲ್ಲ. ಪೇಟೆಗೆ ಹೋಗಲು ಕಾಲೇಜಿನ ಮುಂದೆಯೇ ದಾರಿ, ಆದರೂ ಆ ಕಡೆ ಕತ್ತು ತಿರುಗಿಸಲಿಲ್ಲ. ನಿನ್ನ ಮಾತಿಗೆ ಬೆಲೆ ಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ನೋವಾಗಿತ್ತು ಸುಮನಾ. ಹಟ ಮಾಡಿ ಕೂತೆ. ಒಂದು ಶನಿವಾರ ಆ ಚೀಟಿ ಕಿತ್ತು ಒಳಗೆ ಹೋಗಿದ್ದರೆ ನಿನ್ನ ಹರಳು ನಿನ್ನದಾಗುತ್ತಿತ್ತು.

ಮೈಲುತುತ್ತವನ್ನು ಕಾಯಿಸಿ, ನೀರು ಹೋಗಿ ನೀಲಿ ಹರಳು ಬಿಳಿ ಪುಡಿಯಾಗುವುದನ್ನು ವರ್ಷ ವರ್ಷ ಮಕ್ಕಳಿಗೆ ತೋರಿಸಿದವನು ನಾನು. ನಿನಗೂ ತೋರಿಸಿದ್ದೆ. ಅದಕ್ಕೆ ಬೆಂಕಿ ಬೇಕಿತ್ತು, ನಿನ್ನ ಹರಳಿಗೆ ಗಾಳಿಯೇ ಸಾಕಾಯಿತು. ಕಣ್ಣೆದುರೇ ಬಿಳಿಚಿಕೊಳ್ಳುತ್ತಿದ್ದಾಗಲೂ ನನಗೆ ಹೊಳೆಯಲಿಲ್ಲ. ಹೊಸ ಫಿಲ್ಟರ್ ಪೇಪರ್ ತೆಗೆದು, ಅಂಚು ಮಡಚಿ, ನಿನಗೆ ಚೆಂದ ಕಾಣಲಿ ಎಂದು ವಾಚ್ ಗ್ಲಾಸ್ ಒರೆಸುತ್ತಿದ್ದೆ.

ಆ ದಿನ ನೀನು ಹೇಳಿದೆಯಲ್ಲ, "ನಿಮ್ಗೆ ಗೊತ್ತಿಲ್ದಿದ್ರೆ ನನ್ನ ಕೇಳ್ಬೇಕಿತ್ತು ಸರ್" ಎಂದು. ನಾನು ಕಿವಿಗೆ ಕೈ ಹಿಡಿದೆ, ನೀನು ಇನ್ನೊಂದು ಸಲ ಕೂಗಿ ಹೇಳಿದೆ, ಪಕ್ಕದ ಕ್ಲಾಸಿನ ಮಕ್ಕಳೂ ಬಂದು ಬಾಗಿಲಲ್ಲಿ ನಿಂತರು. ಮೊದಲ ಸಲವೇ ನನಗೆ ಕೇಳಿಸಿತ್ತು. ಎರಡನೆಯ ಸಲ ಬೇರೆ ಏನಾದರೂ ಹೇಳುತ್ತೀಯೇನೋ ಎಂದು ಕೈ ಹಿಡಿದಿದ್ದೆ.

ಆದರೆ ನೀನು ಹೇಳಿದ್ದು ಸರಿ. ಕೇಳಬೇಕಿತ್ತು. ಜುಲೈನಲ್ಲಿ ಕೇಳಲು ಹೊರಟು, ಮೇಷ್ಟರೆಂಬ ಹಮ್ಮಿಗೆ ಬಿಟ್ಟೆ. ಈಗ ಕೇಳುತ್ತೇನೆ. ಹರಳು ಬಂದರೆ ಏನು ಮಾಡಬೇಕು, ಸುಮನಾ? ಲ್ಯಾಬ್ ಒಡೆದಾಯಿತಂತೆ, ಕಲ್ಲೂ ಇಲ್ಲ ಎಂದು ಗೊತ್ತು. ಆದರೂ ನಿನ್ನಿಂದ ಕಲಿಯುವುದು ಬಾಕಿ ಉಳಿಯಬಾರದು.

ವೆಂಕಟರಾಮ


ರಿಪ್ಪನ್‌ಪೇಟೆ
14 ಮೇ 2024

ಪೂಜ್ಯ ಸರ್,

ಇಲ್ಲಿಂದ ತೀರ್ಥಹಳ್ಳಿಗೆ ಬಸ್ಸಿಗೆ ಬರಗಾಲವಿಲ್ಲ. ನಿನ್ನೆ ಸರ್ಕಲ್ಲಿನಲ್ಲಿ ಹೋಗಿ ನಿಂತೆ. ಒಂದು ಬಸ್ಸು ಬಂತು, ಹೋಯಿತು. ಹತ್ತಿದರೆ ನಿಮ್ಮೆದುರು ಮಾತು ಹೊರಡುವುದಿಲ್ಲ, ಹೊರಟರೂ ಮತ್ತೆ ಕೂಗಿಯೇ ಹೇಳಬೇಕು ಎನಿಸಿತು. ಈ ಮಾತುಗಳನ್ನು ನಿಮಗೆ ಕೂಗಿ ಹೇಳಲು ನನಗೆ ಮನಸ್ಸಿಲ್ಲ. ಮನೆಗೆ ಬಂದು ಬರೆಯುತ್ತಿದ್ದೇನೆ. ಹೋದ ವರ್ಷ ಜೂನ್ ತಿಂಗಳಲ್ಲಿ, ಸಂಕೋಚ ಬಿಟ್ಟು ಬರೆಯಬೇಕಿದ್ದದ್ದು ಇಷ್ಟೇ.

ಹರಳು ಬಂದರೆ ದ್ರವದಲ್ಲೇ ಇರಲಿ ಸರ್. ಸೋಸಬೇಡಿ, ಒಣಗಿಸಬೇಡಿ, ಫಿಲ್ಟರ್ ಪೇಪರ್ ಹತ್ತಿರ ತರಬೇಡಿ. ಪಟಿಕದ ಹಾಗಲ್ಲ ಇದು, ನೀರು ಹೋದರೆ ಉಳಿಯುವುದಿಲ್ಲ. ತೂತಿರುವ ಮುಚ್ಚಳ ತೆಗೆದು ಬಿಗಿಯಾದದ್ದನ್ನು ಹಾಕಿ. ನಾನು ಬೈದರೂ, ಬರುತ್ತೇನೆಂದು ಹೇಳಿ ಬರದಿದ್ದರೂ, ನೋಡಬೇಡಿ ಎಂದು ಬರೆದರೂ, ನೀವು ಶನಿವಾರ ಶನಿವಾರ ಹೋಗಿ ನೋಡುತ್ತಿರಿ.

ನಿಮ್ಮ ವಿದ್ಯಾರ್ಥಿನಿ,
ಸುಮನಾ